ತೊಳೆಯದ ಕ್ಯಾನು

ನಾನು ಕ್ಯಾನು ತೊಳೆದಿರಲಿಲ್ಲ, ಅತ್ತಿಗೆ. ತೊಳೆದಿದ್ದೀಯಾ ಎಂದು ನೀವು ಕೇಳಿದಿರಿ, ನಾನು ಹೂಂ ಎಂದೆ. ಆ ಹೂಂ ಸುಳ್ಳು. ನಿಮ್ಮ ಟೊಮೆಟೊ ಗಿಡಗಳು ತಿರುಚಿಕೊಂಡು ಸತ್ತದ್ದು ನಿಮ್ಮ ಕಷಾಯದಿಂದಲ್ಲ, ನಿಮ್ಮ ಕೈಯಿಂದಂತೂ ಅಲ್ಲವೇ ಅಲ್ಲ — ನೀವು ಕಷಾಯ ಹೊಡೆದ ಹಿಂದಿನ ದಿನ ನಾನು ಅದೇ ಕ್ಯಾನಿನಲ್ಲಿ ಕಳೆನಾಶಕ ಹೊಡೆದಿದ್ದೆ. ಇಷ್ಟೇ ಮಾತು. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಮೊನ್ನೆ ನಿಮ್ಮ ಅಂಗಳಕ್ಕೆ ಬಂದು ‘ಅಣ್ಣ ಇಲ್ವಾ?’ ಎಂದು ಕೇಳಿದೆನಲ್ಲ, ಹೇಳಲೆಂದೇ ಬಂದಿದ್ದೆ. ಆ ಹೊತ್ತಿನಲ್ಲಿ ಅಣ್ಣ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮುಂದೆ ಇರುತ್ತಾನೆಂದು ನನಗೆ ಗೊತ್ತಿಲ್ಲವೇ? ನೀವು ಕಾಫಿ ಕೊಟ್ಟಿರಿ. ಕುಡಿದು, ಲೋಟ ತೊಳೆದಿಟ್ಟು ಬಂದೆ — ಲೋಟ ಮಾತ್ರ ನೆನಪಿನಿಂದ ತೊಳೆಯುತ್ತೇನೆ, ನೋಡಿ. ನನ್ನ ಬಾಯಿ ನಂಬುವಂಥದ್ದಲ್ಲ ಎಂದು ಅಂದೇ ತೀರ್ಮಾನಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಊರಿನವರ ಮುಂದೆಯೂ ಓದಬೇಕಿದೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ.

ಅಣ್ಣನಿಗೂ ನನಗೂ ಜಮೀನು ಪಾಲಾದಾಗ ಎರಡು ವಸ್ತು ಮಾತ್ರ ಪಾಲಾಗದೆ ಉಳಿದವು. ಒಂದು ಬೋರ್‌ವೆಲ್. ಇನ್ನೊಂದು ಬೆನ್ನಿಗೆ ನೇತುಹಾಕಿಕೊಂಡು ಔಷಧಿ ಹೊಡೆಯುವ ಆ ಹಸಿರು ಕ್ಯಾನು. ಕೊಟ್ಟಿಗೆಯ ಗೂಟದಲ್ಲಿ ಅದು ತೂಗಾಡುತ್ತಿರಬೇಕು, ಯಾರಿಗೆ ಬೇಕೋ ಅವರು ಒಯ್ಯಬೇಕು, ತೊಳೆದು ಮತ್ತೆ ಅಲ್ಲೇ ನೇತುಹಾಕಬೇಕು — ಇದು ಮಾತಿಲ್ಲದೆ ನಡೆದುಕೊಂಡು ಬಂದ ಏರ್ಪಾಡು. ನೀವು ಒಂದು ದಿನವೂ ಅದನ್ನು ಕೊಳಕಾಗಿ ನೇತುಹಾಕಿದವರಲ್ಲ.

ಅಣ್ಣ ಮಗ್ಗದ ಕೆಲಸಕ್ಕೆ ಹೋಗತೊಡಗಿದ ಮೇಲೆ ತೋಟ ಪೂರ್ತಿ ನಿಮ್ಮದಾಯಿತು. ವಿಷ ಹೊಡೆಯದೆ ಟೊಮೆಟೊ ಬೆಳೆಯುತ್ತೇನೆಂದು ಹೊರಟಿರಿ. ಟೊಮೆಟೊ ಸಾಲುಗಳ ನಡುನಡುವೆ ಚೆಂಡು ಹೂವು ನೆಟ್ಟಿರಿ, ಕಾಯಿಕೊರಕದ ಚಿಟ್ಟೆ ಹೂವಿಗೆ ಮರುಳಾಗಿ ಅಲ್ಲೇ ಮೊಟ್ಟೆ ಇಡಲಿ ಎಂದು. ಹಳೇ ಎಣ್ಣೆ ಡಬ್ಬಗಳಿಗೆ ಹಳದಿ ಬಣ್ಣ ಬಳಿದು, ಹರಳೆಣ್ಣೆ ಸವರಿ ಕೋಲಿಗೆ ಸಿಕ್ಕಿಸಿದಿರಿ, ಬಿಳಿನೊಣ ಬಂದು ಅಂಟಲಿ ಎಂದು. ಹುಳುವಿನ ಮೊಟ್ಟೆಯನ್ನೇ ತಿನ್ನುವ ಸಣ್ಣ ಕಣಜಗಳ ಕಾರ್ಡನ್ನು ತೋಟಗಾರಿಕೆ ಇಲಾಖೆಯವರಿಂದ ತಂದು, ನಿಮ್ಮ ತಲೆಯ ಕ್ಲಿಪ್ಪಿನಿಂದಲೇ ಎಲೆಯಡಿಗೆ ಕಚ್ಚಿಸಿದಿರಿ. ಮೇಲೆ ಹುಳಿ ಮಜ್ಜಿಗೆ, ಬೇವಿನ ಬೀಜದ ಕಷಾಯ. ಊರಿನ ಕೆಂಪಣ್ಣ ಹಾಲಿನ ಡೇರಿಯ ಮುಂದೆ ನಿಂತು ‘ರತ್ನಮ್ಮ ಗಿಡಕ್ಕೆ ಮಜ್ಗೆ ಕುಡುಸ್ತವ್ಳೆ, ನಾಳೆ ಮುದ್ದೆನೂ ಉಣ್ಣುಸ್ತಾಳೆ ಬಿಡ್ರಪ್ಪಾ’ ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆದರೆ ಗಿಡ ನಗಲಿಲ್ಲ, ಬೆಳೆಯಿತು. ನನ್ನ ತೋಟದಲ್ಲಿ ಹುಳು ಬಿದ್ದು, ವಾರವಾರ ಔಷಧಿ ಹೊಡೆದರೂ ಕಾಯಿ ತೂತಾಗುತ್ತಿದ್ದಾಗ, ಬದುವಿನ ಆಚೆ ನಿಮ್ಮ ಗಿಡಗಳು ಎದೆಯೆತ್ತರ ನಿಂತಿದ್ದವು. ನೀವು ನಮ್ಮಿಂದ ಕೇಳಿದ್ದು ಒಂದೇ — ಬದುವಿನ ಹೂವಿನಲ್ಲಿ ಒಳ್ಳೆಯ ಹುಳುಗಳು ಬದುಕುತ್ತವೆ, ಆ ಕಡೆ ಕಳೆನಾಶಕ ಹೊಡೆಯಬೇಡಿ. ಅಕ್ಕಪಕ್ಕದವರೆಲ್ಲ ಒಪ್ಪಿದರು. ನಾನೂ ತಲೆಯಾಡಿಸಿದೆ.

ಈಗ ಹೇಳುವುದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ನಿಮ್ಮ ತೋಟ ನೋಡಲು ಬಂದವರು ನನ್ನ ತೋಟವನ್ನು ದಾಟಿಕೊಂಡೇ ಬರಬೇಕಿತ್ತು; ದಾಟುವಾಗ ಒಬ್ಬನೂ ನಿಲ್ಲುತ್ತಿರಲಿಲ್ಲ. ನೆಡುವ ದಿನ ಮೊದಲ ಸಸಿ ನೀವು ಇಡಬೇಕೆಂದು ಸುತ್ತಲಿನ ಮನೆಯವರೆಲ್ಲ ಕರೆಯುತ್ತಿದ್ದರು. ರತ್ನಮ್ಮನ ಕೈಗುಣ ಚೆನ್ನಾಗಿದೆ, ಅವರು ಮುಟ್ಟಿದ ಸಸಿ ಸಾಯುವುದಿಲ್ಲ ಎಂಬ ಮಾತು. ನಮ್ಮ ಮನೆಗೂ ನೀವೇ ಬರುತ್ತಿದ್ದಿರಿ. ಮೊದಲ ಸಸಿ ಇಟ್ಟು, ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಿರಿ. ಅದೇ ಕೈ ಇಟ್ಟ ಸಸಿಗೆ ನನ್ನ ತೋಟದಲ್ಲಿ ಹುಳು ಹಿಡಿದರೆ ಊರು ಏನೆನ್ನುತ್ತದೆ? ಮುನಿರಾಜನಿಗೆ ಬೇಸಾಯ ಬರಲ್ಲ ಎನ್ನುತ್ತದೆ. ಅಂದಿತ್ತು ಕೂಡ.

ಆ ದಿನ ನೆಲಮಂಗಲದಲ್ಲಿ ಬೀಗರ ಊಟವಿತ್ತು. ಎರಡೂ ಮನೆಯವರು ಹೋದರು. ನಾನು ಹೊಟ್ಟೆನೋವು ಎಂದು ಮಲಗಿದೆ. ಬದುವಿನ ಪಕ್ಕದ ಕಾಲುದಾರಿಯಲ್ಲಿ ಪಾರ್ಥೇನಿಯಂ ಸೊಂಟದವರೆಗೆ ಬೆಳೆದಿತ್ತು, ಕೀಳಲು ಆಳು ಸಿಗುತ್ತಿರಲಿಲ್ಲ, ಸಿಕ್ಕರೂ ಆ ಗಿಡ ಮುಟ್ಟಿದರೆ ಮೈ ತುರಿಸುತ್ತದೆ ಎಂದು ಯಾರೂ ಬರುತ್ತಿರಲಿಲ್ಲ. ನೀವೆಲ್ಲ ಬಸ್ಸು ಹತ್ತಿದ ಮೇಲೆ, ಮಟಮಟ ಮಧ್ಯಾಹ್ನ, ಕಳೆನಾಶಕ ಬೆರೆಸಿ ಹೊಡೆದೆ. ಅಂಗಡಿಯವನು ಹೇಳಿಯೇ ಕೊಟ್ಟಿದ್ದ: ‘ಇದುನ್ನ ಹೊಡ್ದಿದ್ ಕ್ಯಾನ್ನ ತರ್ಕಾರಿಗೆ ಮುಟ್ಟುಸ್ಬೇಡ ಗುರು, ಒಂದ್ ಹನಿ ಉಳ್ಕಂಡ್ರೂ ಗಿಡ ಹಾಳು.’ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಹೊಡೆದು ಮುಗಿಸುವ ಹೊತ್ತಿಗೆ ಸಂಜೆಯಾಯಿತು, ನೀವೆಲ್ಲ ಬರುವ ಸದ್ದು ಕೇಳಿತು. ನೀರು ಸುರಿದು ಕ್ಯಾನು ತೊಳೆಯುತ್ತಾ ಕೂತರೆ, ಏನು ಹೊಡೆದೆ ಎಂದು ಕೇಳುತ್ತೀರಿ. ಹಾಗೇ ಗೂಟಕ್ಕೆ ನೇತುಹಾಕಿದೆ. ನಾಳೆ ಯಾರೂ ಇಲ್ಲದಾಗ ತೊಳೆದರಾಯಿತು — ಹೀಗೆಂದುಕೊಂಡೆ, ನಿಜವಾಗಿಯೂ.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ನೀವು ಕಷಾಯದ ಬಕೆಟ್ ಹಿಡಿದು ಬಂದಿರಿ.

‘ಮುನ್ರಾಜ, ಕ್ಯಾನ್ ತೊಳ್ದಿದ್ಯೇನಪ್ಪಾ?’

‘ಹೂಂ ಅತ್ಗೆ, ತೊಳ್ದಿವ್ನಿ.’

ಬಾಯಿ ತುಂಬ ನೊರೆ ಇತ್ತು. ಉಗಿದು, ಬೇಡ ನಿಲ್ಲಿ ಅತ್ತಿಗೆ, ಎಂದು ಕೂಗಲು ಎಷ್ಟು ಹೊತ್ತು ಬೇಕಿತ್ತು? ನೀವು ಕ್ಯಾನು ಇಳಿಸಿದಿರಿ, ಬಟ್ಟೆ ಹಿಡಿದು ಕಷಾಯ ಸೋಸಿ ತುಂಬಿದಿರಿ, ಬೆನ್ನಿಗೆ ಏರಿಸಿಕೊಂಡಿರಿ. ನಾನು ನೋಡುತ್ತಲೇ ಇದ್ದೆ. ಒಂದಿಷ್ಟು ತಳದಲ್ಲಿ ಉಳಿದಿದ್ದರೆ ಏನಾಗಿಬಿಡುತ್ತದೆ, ಅಂಗಡಿಯವನು ಹೆದರಿಸಲು ಹೇಳುತ್ತಾನೆ — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಖ ತೊಳೆದೆ.

ವಾರ ತುಂಬುವ ಮೊದಲೇ ನಿಮ್ಮ ಗಿಡಗಳ ತುದಿ ಕೆಳಗೆ ಬಾಗಿತು. ಎಲೆಗಳು ದಾರದಂತೆ ಸಪೂರವಾದವು. ಕಾಂಡಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡವು. ನೀವು ಸಾಲುಸಾಲಿನಲ್ಲಿ ಕೂತು ಒಂದೊಂದೇ ಎಲೆ ಬಿಡಿಸಿ ನೋಡುತ್ತಿದ್ದಿರಿ. ಬದುವಿನ ಈಚೆ ನಿಂತಿದ್ದ ನನಗೆ ಆಗ — ಇದನ್ನು ಬರೆಯಲೇಬೇಕು — ಒಂದು ಗಳಿಗೆ ಸಂತೋಷವಾಯಿತು. ಒಂದೇ ಗಳಿಗೆ. ಆಮೇಲೆ ಹೆದರಿಕೆ ಬಂತು. ಆದರೆ ಮೊದಲು ಬಂದದ್ದು ಸಂತೋಷವೇ, ಅತ್ತಿಗೆ. ಹೆದರಿಕೆಯಿಂದ ಸುಳ್ಳು ಹೇಳಿದೆ ಎಂದಷ್ಟೇ ಹೇಳಿ ಮುಗಿಸಿದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಅದೇ ದಿನ ಕಾಲುದಾರಿಯಲ್ಲಿ ಒಣಗಿ ನಿಂತಿದ್ದ ಪಾರ್ಥೇನಿಯಂ ಎಲ್ಲವನ್ನೂ, ಯಾರ ಕಣ್ಣಿಗೂ ಬೀಳದಿರಲೆಂದು, ಬರಿಗೈಯಲ್ಲಿ ಕಿತ್ತು ಸುಟ್ಟೆ. ಕೈ ತುರಿಸಿ ಬೊಬ್ಬೆಗಳೆದ್ದವು. ಅದಕ್ಕೆ ಕೊಬ್ಬರಿ ಎಣ್ಣೆ ತಂದುಕೊಟ್ಟವರು ನೀವು.

ಆ ಹೊತ್ತಿಗೇ ತೋಟ ನೋಡಲು ದೊಡ್ಡಬೆಳವಂಗಲ ಕಡೆಯ ರೈತರು ಬರುವವರಿದ್ದರು, ಜೊತೆಗೆ ಇಲಾಖೆಯ ಸಾಹೇಬರೂ. ಬೇಡವೆಂದು ಹೇಳಿ ಕಳಿಸಬಹುದಿತ್ತು. ನೀವು ಕಳಿಸಲಿಲ್ಲ. ‘ಕೆಟ್ಟಿದ್ನೂ ನೋಡ್ಲಿ, ಯಾಕ್ ಕೆಡ್ತು ಅಂತ ಗೊತ್ತಾಗ್ಲಿ’ ಎಂದಿರಿ. ಸಾಹೇಬರು ಎಲೆ ಹಿಡಿದು ನೋಡಿ, ಕಳೆ ಔಷಧಿ ಏನಾದರೂ ತಗುಲಿತೇ ಎಂದು ಕೇಳಿದರು. ಅವರು ಕೇಳಿದ್ದು ನಿಮ್ಮನ್ನು. ನೀವು ತಿರುಗಿದ್ದು ನನ್ನ ಕಡೆ.

‘ಕ್ಯಾನಲ್ಲೇನಾದ್ರೂ ಇತ್ತೇನಪ್ಪಾ ಮುನ್ರಾಜ?’

ಅಷ್ಟು ಜನ. ಕೆಂಪಣ್ಣ ಇದ್ದ, ಅಣ್ಣ ರಜೆ ಹಾಕಿ ಬಂದಿದ್ದ. ನಿಮ್ಮ ದನಿಯಲ್ಲಿ ಅನುಮಾನ ಇರಲಿಲ್ಲ, ಆಸೆ ಇತ್ತು — ಇತ್ತು ಎಂದು ನಾನು ಹೇಳಿದ್ದರೆ ನಿಮ್ಮ ಮಜ್ಜಿಗೆ, ನಿಮ್ಮ ಬೇವು, ನಿಮ್ಮ ಹೂವಿನ ಸಾಲು ಎಲ್ಲವೂ ಬದುಕುತ್ತಿದ್ದವು.

‘ಕಳೆ ಔಷ್ದಿ ನಾನ್ಯಾಕ್ ಹೊಡೀಲಿ ಅತ್ಗೆ? ನಿಮ್ ಕಷಾಯನೇ ಜಾಸ್ತಿ ಆಗಿರ್ಬೇಕು.’

ಮೊದಲ ಹೂಂ ಹೆದರಿಕೆಯದ್ದು ಎನ್ನೋಣ. ಈ ಎರಡನೆಯ ಮಾತು ಹಾಗಲ್ಲ. ಇದನ್ನು ನಾನು ಯೋಚಿಸಿ ಆಡಿದೆ. ಹಾಗಾದರೆ ಕಷಾಯ ಗಟ್ಟಿಯಾಗಿರಬೇಕು ಎಂದು ಸಾಹೇಬರೂ ಒಪ್ಪಿಕೊಂಡರು. ಬಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ‘ಹಂಗಾದ್ರೆ ನನ್ ಕೈಯಲ್ಲೇ ಏನೋ ಹೆಚ್ಚುಕಮ್ಮಿ ಆಯ್ತು’ ಎಂದು ಸೆರಗಿಗೆ ಕೈ ಒರೆಸಿಕೊಂಡಿರಿ. ಕೈಗೆ ಏನೂ ಅಂಟಿರಲಿಲ್ಲ.

ಅಲ್ಲಿಂದ ಮುಂದಿನದು ಊರಿಗೇ ಗೊತ್ತು. ನಿಮ್ಮನ್ನು ನೋಡಿ ಚೆಂಡು ಹೂವು ನೆಟ್ಟಿದ್ದವರು ಕಿತ್ತುಹಾಕಿದರು. ಬದುಗಳಿಗೆಲ್ಲ ಕಳೆನಾಶಕ ಬಿತ್ತು. ಮೊದಲ ಸಸಿ ಇಡಲು ನಿಮ್ಮನ್ನು ಕರೆಯುವುದು ನಿಂತಿತು. ಮೊದಮೊದಲು ಸಂಕೋಚದಿಂದ ನಿಲ್ಲಿಸಿದರು, ಆಮೇಲೆ ಅಭ್ಯಾಸವಾಯಿತು. ನಾನು ಕ್ಯಾನು ಸೋರುತ್ತದೆ ಎಂದು ಹೇಳಿ ಅಟ್ಟಕ್ಕೆ ಹಾಕಿ, ನಿಮಗೊಂದು ನನಗೊಂದು ಹೊಸದು ತಂದೆ. ‘ಎಷ್ಟ್ ಒಳ್ಳೇವ್ನಪ್ಪಾ ನೀನು’ ಎಂದಿರಿ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಊಟ ಸೇರಲಿಲ್ಲ ಎನ್ನುವುದನ್ನು ಯಾವ ಲೆಕ್ಕಕ್ಕೆ ಹಿಡಿಯುವುದು? ಮರುದಿನ ಉಂಡೆನಲ್ಲ.

ಈಗ ಎಲೆಯೊಳಗೆ ಸುರಂಗ ಕೊರೆಯುವ ಹುಳು ಬಂದಿದೆ, ನಮ್ಮ ಕಡೆ ಊಜಿ ಎನ್ನುತ್ತಾರಲ್ಲ, ಅದು. ಎರಡು ಔಷಧಿ ಬೆರೆಸಿ ಹೊಡೆದೆ, ಮೂರು ಬೆರೆಸಿ ಹೊಡೆದೆ. ಹುಳು ಸಾಯಲಿಲ್ಲ. ಜೇನು ಬರುವುದು ನಿಂತಿತು. ಹೋದ ಸಲ ಬೆಂಗಳೂರಿಂದ ಬಂದ ಗಾಡಿಯವರು ನನ್ನ ಹಣ್ಣು ಮೂಸಿ ನೋಡಿ, ಔಷಧಿ ವಾಸನೆ ಎಂದು ಕ್ರೇಟು ಇಳಿಸಿ ಹೋದರು. ಆ ಹಣ್ಣನ್ನು ದನಕ್ಕೆ ಹಾಕಲೂ ನನಗೆ ಧೈರ್ಯ ಬರಲಿಲ್ಲ, ಗುಂಡಿ ತೋಡಿ ಮುಚ್ಚಿದೆ. ಮುಚ್ಚುವಾಗ ಅನ್ನಿಸಿದ್ದು ಒಂದೇ: ಬದುವಿನ ಆಚೆ ಇದಕ್ಕೊಂದು ದಾರಿ ಹುಟ್ಟಿತ್ತು, ಅದನ್ನು ಸಾಯಿಸಿದವನು ನಾನು. ಇದು ನನಗಾದ ಶಿಕ್ಷೆ ಎಂದು ಹೇಳಿಕೊಂಡು ಹಗುರಾಗಲೂ ಆಗುತ್ತಿಲ್ಲ. ಶಿಕ್ಷೆ ಅನುಭವಿಸಿದವರು ನೀವು.

ನನ್ನ ಸೊಸೆ ಈ ಮನೆಗೆ ಬಂದು ಇನ್ನೂ ವರ್ಷವಾಗಿಲ್ಲ, ಹಳೆಯದು ಅವಳಿಗೆ ಗೊತ್ತಿಲ್ಲ. ವಿಷ ಇಲ್ಲದೆ ಸ್ವಲ್ಪ ಜಾಗದಲ್ಲಿ ಬೆಳೆದು ನೋಡುತ್ತೇನೆ ಎಂದು ಟ್ರೇಯಲ್ಲಿ ಸಸಿ ಎಬ್ಬಿಸಿದ್ದಾಳೆ. ಸುತ್ತಲೂ ಚೆಂಡು ಹೂವು ಹಾಕುತ್ತಾಳಂತೆ. ಹೋದ ವಾರ ಅವಳು ನಿಮ್ಮಲ್ಲಿಗೆ ಬಂದು, ‘ದೊಡ್ಡತ್ತೆ, ಮೊದ್ಲ ಸಸಿ ನೀವೇ ಇಡ್ಬೇಕು’ ಎಂದಾಗ ನಾನು ಗೋಡೆಯ ಈಚೆ ಹುಲ್ಲು ಕತ್ತರಿಸುತ್ತಿದ್ದೆ. ನೀವು ಹೇಳಿದ್ದು ಕೇಳಿಸಿತು.

‘ಬ್ಯಾಡ ಕಣವ್ವಾ. ನನ್ ಕೈ ಸರಿಗಿಲ್ಲ. ನಿನ್ ಗಿಡ ಯಾಕ್ ಹಾಳ್ಮಾಡ್ಕಂತೀಯ.’

ನಿಮ್ಮ ತೋಟದ ಜಮೀನನ್ನೂ ಲಾರಿ ನಿಲ್ಲಿಸುವವರಿಗೆ ಬಾಡಿಗೆಗೆ ಕೊಡುತ್ತೀರಂತೆ, ಮಾತು ಮುಗಿಯುತ್ತಾ ಬಂದಿದೆ ಎಂದು ಅಣ್ಣ ಹೇಳಿದ. ಜಲ್ಲಿ ಸುರಿದರೆ ಮುಗಿಯಿತು, ಆ ಮಣ್ಣು ಮತ್ತೆ ಮಣ್ಣಾಗುವುದಿಲ್ಲ. ಕೊಡಬೇಡಿ ಎಂದು ಹೇಳಲು ನಾನು ಯಾರು? ಕೊಡುವುದಾದರೆ ಕೊಡಿ. ಆದರೆ ನಿಮ್ಮ ಕೈ ಸರಿಯಿಲ್ಲ ಎಂಬ ಕಾರಣಕ್ಕೆ ಕೊಡಬೇಡಿ. ಅದು ನಿಮ್ಮ ಕೈಯ ದೋಷವಲ್ಲ. ನಾನು ನಿಮ್ಮ ಕೈಯ ಮೇಲೆ ಹಾಕಿದ್ದು.

ನಾಳೆ ಬೆಳಿಗ್ಗೆ, ನೀವು ಕಸ ಗುಡಿಸಲು ಬಾಗಿಲು ತೆಗೆದಾಗ, ಅಂಗಳದಲ್ಲಿ ನಾನಿರುತ್ತೇನೆ. ಇದನ್ನು ಮೊದಲು ನಿಮಗೆ ಓದಿ ಹೇಳುತ್ತೇನೆ. ಕಾಫಿ ಕೊಡಬೇಡಿ. ಅಲ್ಲಿಂದ ಡೇರಿಗೆ ಹೋಗುತ್ತೇನೆ. ಎಲ್ಲರೂ ಹಾಲು ಹಾಕಲು ಬಂದಿರುತ್ತಾರೆ, ಎರಡನೆಯ ಸುಳ್ಳನ್ನು ಎಲ್ಲರ ಮುಂದೆ ಹೇಳಿದವನು ಇದನ್ನೂ ಎಲ್ಲರ ಮುಂದೆಯೇ ಓದಬೇಕು. ಅಟ್ಟದಿಂದ ಹಳೆಯ ಕ್ಯಾನು ಇಳಿಸಿಟ್ಟಿದ್ದೇನೆ, ಅದೂ ನನ್ನ ಜೊತೆ ಬರುತ್ತದೆ. ನೀವು ಬೈಯಬಹುದು. ಅಣ್ಣ ಹೊಡೆಯಬಹುದು. ಅದಕ್ಕಿಂತ, ನೀವು ಏನೂ ಅನ್ನದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ — ಅದೊಂದಕ್ಕೆ ನನಗೆ ಭಯ. ಹಾಕಿಕೊಂಡರೂ ಹಾಕಿಕೊಳ್ಳಿ.

ಸೊಸೆಯ ಸಸಿಗಳು ನಮ್ಮ ಜಗಲಿಯ ಮೇಲಿವೆ, ನೆಡುವ ಹದಕ್ಕೆ ಬಂದಿವೆ. ದೊಡ್ಡತ್ತೆಯ ಬದಲು ನೀವೇ ಇಡಿ ಮಾವ ಎಂದು ಇವತ್ತು ಸಂಜೆ ಅವಳು ನನ್ನನ್ನು ಕೇಳಿದಳು. ನಾನು ಮುಟ್ಟಲಿಲ್ಲ. ಸರಿಯಿಲ್ಲದ ಕೈ ಯಾವುದೆಂದು ಅವಳಿಗೂ ನಾಳೆ ತಿಳಿಯುತ್ತದೆ.