ಅಕ್ಕನ ರಕ್ತಕ್ಕೆ ಎಣ್ಣೆ

“ನಿಮ್ಮ ಅಕ್ಕನ ರಕ್ತನಾಳಕ್ಕೆ ಎಣ್ಣೆ ಬಿಡ್ತೇವೆ” ಅಂದರು ಡಾಕ್ಟರು.

ಎಣ್ಣೆಯೇ? ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಾರ್ಟ್ ಪೇಶಂಟ್ ಅಂತ ಅಕ್ಕನಿಗೆ ಹಪ್ಪಳವನ್ನೂ ಸುಟ್ಟೇ ಕೊಡುವ ಮನೆ ಅದು. (ಆ ಹಪ್ಪಳ ನೋಡಿದಾಗ ಅವಳ ಮುಖ ನೀವು ನೋಡಬೇಕು!)

ಆದದ್ದಿಷ್ಟು. ಮುಟ್ಟಳ್ಳಿಯ ನನ್ನ ಅಕ್ಕ ನವರಾತ್ರಿಯಲ್ಲಿ ಅನ್ನ ಬಿಡುತ್ತಾಳೆ. ಹಾಲು, ಹಣ್ಣು ಅಷ್ಟೇ. ಈ ಸಲ ವ್ರತ ಮುಗಿದ ಮಧ್ಯಾಹ್ನ ನಾನೂ ಅಲ್ಲಿ ಊಟಕ್ಕಿದ್ದೆ. ಗಡದ್ದಾಗಿ ಉಂಡು ಜಗಲಿಗೆ ಬಂದ ಅಕ್ಕ ಸ್ವಲ್ಪ ಹೊತ್ತಿಗೆ ಕುಸಿದು ಕೂತಳು. ಮೈಯೆಲ್ಲ ತಣ್ಣಗೆ. ನಾಡಿ ಕೈಗೇ ಸಿಗುತ್ತಿಲ್ಲ.

“ಎಂತ ಆತೇ?” ಭಾವ ಕೂಗಿದರು.

“ಗುಳಿಗೆ ತಕಂಡೆ... ಬಿಟ್ಟದ್ದೆಲ್ಲ ಒಟ್ಟಿಗೇ.”

“ಒಟ್ಟಿಗೇ? ಎಂತಕ್ಕೆ?”

“ಊಟ ಆದ್ಮೇಲೆ ತಕಣಿ ಅಂದಿದ್ರಲ ಡಾಕ್ಟ್ರು. ಇಷ್ಟು ದಿನ ಊಟವೇ ಮಾಡ್ಲಿಲ್ಲ. ಇವತ್ತು ಊಟ ಆತಲ...”

ಇಡೀ ನವರಾತ್ರಿಯ ಹಾರ್ಟಿನ ಗುಳಿಗೆ ಒಂದೇ ಮುಷ್ಟಿಯಲ್ಲಿ!

ಹೊಸದಾಗಿ ಶುರುವಾದ 108 ಆಂಬುಲೆನ್ಸಿಗೆ ಫೋನು ಮಾಡಿದೆವು. ಭಟ್ಕಳದಲ್ಲಿ ಸಲೈನ್ ಹಾಕಿ, ಇಲ್ಲಿ ಆಗುವುದಿಲ್ಲ ಅಂದರು. ದೊಡ್ಡಾಸ್ಪತ್ರೆಗೆ ಒಯ್ದೆವು. ಅಲ್ಲಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಬಿಪಿ ಏಳಲೇ ಇಲ್ಲ. ಆಗ ಬಂತು ಈ ಎಣ್ಣೆಯ ಮಾತು.

“ಎಣ್ಣೆ ಕೊಡ್ಬೇಡಿ ಅನ್ನೂದೂ ಡಾಕ್ಟ್ರೇ ಅಲ್ರಾ?” ಭಾವ ಅಳುತ್ತಲೇ ಕೇಳಿದರು.

ಡಾಕ್ಟರು ಸಿಟ್ಟಾಗಲಿಲ್ಲ. “ಊಟ ಮಾಡಲಾಗದವರಿಗೆ ಡ್ರಿಪ್‌ನಲ್ಲಿ ಕೊಡುವ ಸೋಯಾ ಎಣ್ಣೆ ಇದು. ಆ ಗುಳಿಗೆ ಕೊಬ್ಬಿನಲ್ಲಿ ಕರಗುತ್ತದೆ. ಹೃದಯವನ್ನು ಹಿಡಿದಿರುವ ಆ ಔಷಧದ ವಿಷವನ್ನು ಎಣ್ಣೆ ತನ್ನ ಕಡೆ ಎಳೆದುಕೊಳ್ಳಬಹುದು. ಹೊಸ ವಿಧಾನ, ಗ್ಯಾರಂಟಿ ಇಲ್ಲ. ಬೇರೆಲ್ಲ ಮಾಡಿ ನೋಡಿ ಆಯ್ತು.”

ಭಾವ ಸಹಿ ಹಾಕಿದರು. ಹಾಲಿನಂಥ ಬಿಳಿ ಡ್ರಿಪ್ ಅಕ್ಕನ ಕೈಯೊಳಗೆ ಇಳಿಯತೊಡಗಿತು. ನಾನು ಗಾಜಿನಾಚೆ ನಿಂತು ನೋಡುತ್ತಿದ್ದೆ. ಮಾನಿಟರಿನಲ್ಲಿ ಬಿಪಿಯ ನಂಬರು ನಿಧಾನಕ್ಕೆ ಮೇಲೆ ಹತ್ತಿತು. ಅಕ್ಕ ಕಣ್ಣು ಬಿಟ್ಟಳು.

ಈಗ ಯಾರನ್ನು ಬೈಯೋಣ? ಅಕ್ಕ ಡಾಕ್ಟರ ಮಾತು ಮೀರಿದವಳಲ್ಲ. ಅಕ್ಷರಶಃ ಪಾಲಿಸಿದವಳು! ಉಪವಾಸ ಇದ್ದರೆ ಏನು ಮಾಡಬೇಕು ಅಂತ ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಇಷ್ಟೇ ಸಣ್ಣ ಸಂದಿನಲ್ಲಿ ಒಂದು ಜೀವ ಜಾರಿಹೋಗುತ್ತಿತ್ತು.

ಅಕ್ಕ ಮನೆಗೆ ಬಂದ ಮೇಲೆ ಕೇರಿಯ ಹೆಂಗಸರೆಲ್ಲ ನೋಡಲು ಬಂದರು. ನಾನು ಎಣ್ಣೆಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಕೊನೆಗೆ ಪಕ್ಕದ ಮನೆಯ ನಾಗವೇಣಿ ಮೆಲ್ಲಗೆ ಕೇಳಿದಳು:

“ಹಂಗಾರೆ ಬಿಟ್ಟ ಗುಳಿಗೆ ಒಟ್ಟಿಗೆ ತಕಣೂಕಾಗ್ದಾ? ನಾವೆಲ್ಲ ಹಾಂಗೇ ಮಾಡೂದಲ?”

ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿದ್ದೀರಾ?