ಸರ್ವರಿಯ ಅಡುಗೆಮನೆಯ ಹೊಗೆ
ಹುಮನಾಬಾದಿನ ಮಹೆಬೂಬ ತಗಡಿನ ಕೆಲಸದವನು. ಬಸವಕಲ್ಯಾಣದ ಹೋಟೆಲುಗಳಿಗೂ ಅವನೇ ಹೋಗಿ ಹೊಗೆ ಕೊಳವೆ ಕೂಡಿಸಿ ಬರುತ್ತಿದ್ದ. ಅವನ ಹೆಂಡತಿ ಸರ್ವರಿ ಮಾತ್ರ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಮಾಳಿಗೆಗೆ ಕಿಂಡಿ ಕೊರೆದರೆ ಪಕ್ಕದ ಎತ್ತರದ ಮನೆಯ ಗಂಡಸರಿಗೆ ಒಳಗಿನ ಹೆಂಗಸರು ಕಾಣುತ್ತಾರೆಂದು ಅತ್ತೆ ಒಪ್ಪಿರಲಿಲ್ಲ. ಹಿಂದಿನ ಗೋಡೆಗೂ ನೆರೆಯವರ ಗೋಡೆಗೂ ನಡುವೆ ಇದ್ದದ್ದು ಒಂದು ಗೇಣು ಸಂದಿ.

ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ ಕಣ್ಣು ಮಂಜಾಗತೊಡಗಿದಾಗ ಸರ್ವರಿ ಕೇಳಿದಳು: “ಆ ಸಂದ್ಯಾಗ ಚಪ್ಪಟಿ ಕೊಳವಿ ಏರಿಸಾಕ ಬರಂಗಿಲ್ಲೇನ್ರಿ? ಕಲ್ಯಾಣದ ಹೋಟೆಲಿಗೆ ಹಂಗೇ ಮಾಡೀರಂತ.”

“ಅದನ್ನ ನಾಕು ಮಂದಿ ನೋಡ್ತಾರ. ಈ ಸಂದ್ಯಾಗ ನನ್ನ ಕೆಲಸ ಯಾರು ನೋಡಬೇಕು, ಬೆಕ್ಕೇನು?” ಎಂದು ಮಹೆಬೂಬ ನಕ್ಕ. “ನಿನಗ ಹೊಗಿ ರೂಢಿ ಆಗೇತಿ ಬಿಡು.”

ಎರಡು ವರ್ಷದಲ್ಲಿ ಅವಳ ಎರಡೂ ಕಣ್ಣು ಹೋದವು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದಳು. ಒಲೆಯ ಮುಂದೆ ಮಹೆಬೂಬನೇ ಕೂರಬೇಕಾಯಿತು. ಮೂರು ದಿನ ಕೆಮ್ಮಿದ, ಸೀನಿದ, ಒಲೆಗೆ ಬೈದ. ನಾಲ್ಕನೆಯ ದಿನ ಬೆಳಿಗ್ಗೆ ತಗಡು ಕತ್ತರಿಸಿ, ಗೋಡೆ ಕೊರೆದು, ಸಂದಿಯಲ್ಲಿ ಚಪ್ಪಟೆ ಕೊಳವೆ ಏರಿಸಿದ. ಸರ್ವರಿ ಹೊಸ್ತಿಲಲ್ಲಿ ಕೂತು ಸುತ್ತಿಗೆಯ ಸದ್ದು ಕೇಳುತ್ತಿದ್ದಳು. ಮಧ್ಯಾಹ್ನದ ನಮಾಜಿನ ಕೂಗಿಗೆ ಮೊದಲೇ ಕೆಲಸ ಮುಗಿದುಹೋಯಿತು.