ಮೊರದಲ್ಲಿ ಮಲಗಿಸಿದ ಕೂಸು

ಹಂಪಿ ಬಜಾರಿನಲ್ಲಿ ಅವಳು ಕಲ್ಲು ಮಂಟಪಗಳನ್ನು ನೋಡಲೇ ಇಲ್ಲ. ಹೂವು, ಬಾಳೆಹಣ್ಣು ಮಾರುವ ಮುದುಕಿಯರ ಮುಖಗಳನ್ನೇ ಒಂದೊಂದಾಗಿ ನೋಡುತ್ತ ನಡೆದಳು. ಮೂವತ್ತು ದಾಟಿದ ಹೆಂಗಸು. ನಮ್ಮ ಕಡೆಯದೇ ಬಣ್ಣ, ನಮ್ಮ ಕಡೆಯದೇ ಹಣೆ. ಬಾಯಿ ತೆರೆದರೆ ಮಾತ್ರ ಪರದೇಶ. ಕೂಸಾಗಿದ್ದಾಗ ಹೊಸಪೇಟೆಯ ಅನಾಥಾಲಯವೊಂದರಿಂದ ಹೊರದೇಶದ ದಂಪತಿ ಅವಳನ್ನು ದತ್ತು ಒಯ್ದಿದ್ದರು. ಆ ಅನಾಥಾಲಯ ಮುಚ್ಚಿ ಬಹಳ ಕಾಲವಾಗಿದೆ. ನಾನು ಹೊಸಪೇಟೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಅವಳ ಮಾತನ್ನು ಕನ್ನಡಕ್ಕೆ ತಂದುಕೊಡಲು ಒಪ್ಪಿಕೊಂಡಿದ್ದೆ.

“ನನ್ನನ್ನು ಕಸದ ಗುಂಡಿಗೆ ಎಸೆದಿದ್ದರು,” ಎಂದಳು, ಮನೆಯ ವಿಳಾಸ ಹೇಳಿದಷ್ಟು ಸಲೀಸಾಗಿ. ಸಾಕಿದವರು ಏನನ್ನೂ ಮುಚ್ಚಿಟ್ಟಿರಲಿಲ್ಲವಂತೆ. ಕಂಪ್ಲಿ ರಸ್ತೆಯ ಒಂದು ಹಳ್ಳಿಯ ಹೊರಗೆ, ಜೀಪಿನಲ್ಲಿ ಹೋಗುತ್ತಿದ್ದ ಯಾರೋ ದಯಾವಂತರು ಕಂಡು ಎತ್ತಿಕೊಂಡು ತಂದರು ಎಂದು ಹಳ್ಳಿಯ ಹೆಸರು ಸಮೇತ ಹೇಳಿದ್ದರು. ಹುಡುಕಿಕೊಂಡು ಯಾರೂ ಬರಲಿಲ್ಲ ಎಂದೂ ಹೇಳಿದ್ದರು. ತಾಯಿ ಸಿಕ್ಕರೆ ಅವಳು ಕೇಳಬೇಕಾದದ್ದು ಒಂದೇ: ಯಾಕೆ ಎಸೆದೆ?

ತಾನು ಮಲಗಿದ್ದ ಬುಟ್ಟಿಯನ್ನು ಸಾಕಿದಮ್ಮ ಇಂದಿಗೂ ಗೋಡೆಗೆ ತೂಗುಹಾಕಿದ್ದಾರೆಂದು ಫೋನಿನಲ್ಲಿ ಅದರ ಚಿತ್ರ ತೋರಿಸಿದಳು. ಅದು ಬುಟ್ಟಿಯಲ್ಲ, ಮೊರ. ಚಿತ್ರ ದೊಡ್ಡದು ಮಾಡಿ ನೋಡಿದೆ: ಒಮ್ಮೆಯೂ ಕೇರದ ಹೊಸ ಮೊರ, ಅಂಚು ಎಲ್ಲೂ ಸವೆದಿರಲಿಲ್ಲ. ಅವಳ ಮೂಗಿನ ಬಲ ಹೊಳ್ಳೆಯ ಮೇಲೆ ಮುಚ್ಚಿಹೋದ ಸಣ್ಣ ತೂತಿನ ಗುರುತಿತ್ತು. ಬೆಳಿಗ್ಗೆಯೇ ಅದನ್ನು ನೋಡಿದ್ದೆ.

ಸಂಡೂರಿನ ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲ. ಅಣ್ಣ ಹುಟ್ಟಿದಾಗ ಅವ್ವ ಅವನ ಮೂಗು ಚುಚ್ಚಿಸಿ, ಹೊಸ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು ಬಂದಿದ್ದಳು. ಯಾರಿಗೂ ಬೇಡದ ಕೂಸು ಎಂದು ಸಾವು ಮುಂದೆ ಹೋಗಲಿ ಅಂತ. ತಾಯಿ ತಿರುಗಿ ನೋಡಬಾರದು. ಮೊದಲೇ ಮಾತಾಡಿಕೊಂಡ ನೆರೆಯಾಕೆ ಹಿಂದೆಯೇ ಬಂದು ಎತ್ತಿಕೊಂಡು, “ಇದು ನನ್ನ ಕೂಸು, ನೀ ಸಾಕು” ಎಂದು ತಾಯಿಯ ಕೈಗೆ ಕೊಡಬೇಕು. ಕೊಟ್ಟ ಮೇಲೆಯೇ ತಾಯಿ ಅದರ ಮುಖ ನೋಡುವುದು.

ಎಸೆಯುವ ಕೂಸಿಗೆ ಯಾರೂ ಹೊಸ ಮೊರ ತರುವುದಿಲ್ಲ. ಇದನ್ನು ಅವಳಿಗೆ ಹೇಳಲು ಹೆದರಿದೆ. ಹೇಳಿ, ನನ್ನ ಊಹೆ ತಪ್ಪಾದರೆ? ಸರಿಯಾದರೆ ಇನ್ನೂ ಕಷ್ಟ. ಅವಳನ್ನು ಎತ್ತಿ ಆಡಿಸಿದ ಒಳ್ಳೆಯ ಜನ, ತಮಗೇ ಗೊತ್ತಿಲ್ಲದೆ, ಇನ್ನೊಬ್ಬಳ ಕೂಸನ್ನು ಒಯ್ದವರಾಗುತ್ತಾರೆ.

ಕಂಪ್ಲಿ ಕಡೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಪ್ರಶ್ನೆಯನ್ನು ತೂಗಿ ನೋಡಿದೆ. ಕೂಸು ಕಳಕೊಂಡವರು ಇದ್ದಾರೇನು ಎಂದು ಕೇಳಿದರೆ, ಆಸೆ ಇದ್ದವರೆಲ್ಲ ಹೌದೆಂದಾರು. ಹಾಗಾಗಿ ಹಳ್ಳಿಯ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿಯನ್ನು ಇಷ್ಟೇ ಕೇಳಿದೆ: ಇಲ್ಲಿ ಕೂಸನ್ನು ತಿಪ್ಪೆಗೆ ಹಾಕುವ ಪದ್ಧತಿ ಇತ್ತೇ?

“ಇತ್ರೀ. ಕುಂದ್ರಿ. ಈ ದೊರೆಸಾನಿಗೂ ಕುಂದ್ರಾಕ ಹೇಳ್ರಿ, ನೋಡಿದ್ರ ನಮ್ಮಾಕಿ ಕಂಡಂಗ ಕಾಣ್ತಾಳ.” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಈಗ ಯಾರೂ ಮಾಡಂಗಿಲ್ಲ. ಚಿರತಿ ಕೂಸು ಒಯ್ದ ಮ್ಯಾಲೆ ಬಿಟ್ಟುಬಿಟ್ರು. ಎತ್ಕೊಳ್ಳಾಕಿ ನಾನ ಇದ್ದೆ. ಅವತ್ತ ನಮ್ಮ ಎಮ್ಮಿ ಹಗ್ಗ ಹರ್ಕೊಂತು. ಹಿಡಿದು ಕಟ್ಟಿ ಹೋಗೋದ್ರಾಗ ಕೂಸೂ ಇಲ್ಲ, ಮೊರಾನೂ ಇಲ್ಲ.”

ದರೋಜಿ ಗುಡ್ಡದವರೆಗೂ ಹುಡುಕಿದ್ದರಂತೆ. ಕೂಸೊಂದು ಸಿಕ್ಕಿದೆ, ಯಾರದು ಎಂದು ಊರಿಗೆ ಬಂದು ಯಾರಾದರೂ ಕೇಳಿದ್ದರೇ ಎಂದೆ.

“ಯಾರು ಬರ್ತಾರ್ರೀ? ಚಿರತಿ ಬಂದು ಹೇಳ್ತತೇನು?”

ಅಲ್ಲಿಯೇ ನಿಂತು ಅವಳಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಪ್ರತಿ ವಾಕ್ಯಕ್ಕೂ ‘ಇರಬಹುದು’ ಸೇರಿಸಿದೆ. ರಕ್ತ ಪರೀಕ್ಷೆಯಾಗದೆ ಯಾವುದನ್ನೂ ನಂಬಬೇಡ ಎಂದೆ. ಅವಳ ಬೆರಳು ತಾನಾಗಿಯೇ ಮೂಗಿನ ಮೇಲೆ ಹೋಯಿತು. ಸೀತಾಳೆ ಸಿಡುಬಿನ ಕಲೆ ಅಂದುಕೊಂಡಿದ್ದೆ, ಎಂದಳು. ಆಮೇಲೆ, “ಯಾಕೆ ಎಸೆದೆ ಎಂಬ ಆ ಪ್ರಶ್ನೆ ಕೇಳಬೇಡಿ,” ಎಂದಳು.

ಆ ಕೂಸಿನ ತಾಯಿಯನ್ನು ನೋಡಬೇಕೆಂದೆ. ಮುದುಕಿ ನಮ್ಮನ್ನು ಅವಳ ಮನೆಗೆ ಕರೆದೊಯ್ದಳು. ತಾಯಿ ಒಳಗೆ ನಮಗೆ ಬೆನ್ನು ಮಾಡಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ಕೂಸನ್ನು ಇಟ್ಟು ಬಂದ ದಿನ ಏನಾದರೂ ಕೇಳಿಸಿತೇ ಎಂದೆ. ಕೈ ನಿಂತಿತು.

“ಗಾಡಿ ನಿಂತ ಸಪ್ಪಳ ಕೇಳ್ತು. ಹೊಂಟ ಸಪ್ಪಳಾನೂ ಕೇಳ್ತು. ತಿರುಗಬಾರದಿತ್ತಲ್ಲ, ತಿರುಗಲಿಲ್ಲ. ಹೇಳಿದ್ರ ಯಾರೂ ನಂಬಲಿಲ್ಲ. ಆಮ್ಯಾಲೆ ನಾನೂ ಚಿರತಿ ಅಂದೆ. ಚಿರತಿ ಅಂದ್ರ ಅತ್ತು ಮುಗೀತಿತ್ತು.” ಎದುರಿನ ಗೋಡೆಗೆ ಬಿದ್ದ ನೆರಳು ನೋಡಿ, “ಬಾಗಿಲದಾಗ ನಿಂತಾಕಿ ಯಾರು?” ಎಂದಳು. ತಿರುಗಲಿಲ್ಲ.

ಮುದುಕಿಗೆ ಆಗ ಅರ್ಥವಾಯಿತು. ಅವಳು ನನ್ನ ಜೊತೆ ಬಂದವಳ ಮಣಿಕಟ್ಟು ಹಿಡಿದು ಒಳಗೆ ಎಳೆದಳು. “ಇದು ನನ್ನ ಕೂಸು,” ಎಂದು ಶುರು ಮಾಡಿದಳು. ನಾನು ಅಡ್ಡ ಹೋಗಿ ನಿಂತೆ. ಪರೀಕ್ಷೆ ಆಗಲಿ ತಾಯಿ, ಇವಳೇ ಅಲ್ಲದಿದ್ದರೆ ನೀವು ಇನ್ನೊಮ್ಮೆ ಕಳಕೊಳ್ಳಬೇಕಾಗುತ್ತದೆ ಎಂದೆ.

“ಬಿಡಲೇ ಆಕಿನ್ನ,” ಎಂದು ತಾಯಿ ಮುದುಕಿಯನ್ನು ಗದರಿದಳು. ಆಮೇಲೆ ನನಗೆ, “ಆಗ್ಲಿ. ಅಲ್ಲೀತನಕ ನಾ ತಿರುಗಂಗಿಲ್ಲ.”

ತಾಯಿಯೂ ಅವಳೂ ಪರೀಕ್ಷೆಗೆ ಎಂಜಲು ಕೊಟ್ಟಿದ್ದಾರೆ. ರಕ್ತ ಬೇಕಿಲ್ಲವಂತೆ. ಉತ್ತರ ಇನ್ನೂ ಬಂದಿಲ್ಲ. ಅವಳು ಹೊಸಪೇಟೆಯ ನನ್ನ ಮನೆಯಲ್ಲೇ ಉಳಿದಿದ್ದಾಳೆ. ಆಗಾಗ ಆ ಹಳ್ಳಿಗೆ ಹೋಗಿ, ಹೊಸ್ತಿಲ ಮೇಲೆ ಕುಳಿತು, ಆ ಬೆನ್ನನ್ನು ನೋಡಿ ಬರುತ್ತೇವೆ. ನಾವು ಹೋದಾಗ ಅಲ್ಲಿ ಎರಡು ಲೋಟ ಚಹಾ ಇಟ್ಟಿರುತ್ತದೆ. ನನ್ನ ಫೋನು ಸದ್ದು ಮಾಡಿದರೆ ಇಬ್ಬರೂ ಲೋಟ ಕೆಳಗಿಡುತ್ತೇವೆ. ಒಳಗೆ ಅಕ್ಕಿ ಕೇರುವ ಸದ್ದೂ ನಿಲ್ಲುತ್ತದೆ.